ಗಲ್ವಾನ್‌ನ ಡಾಕ್ಟರ್ ಸಾಬ್

ಕರ್ನಲ್ ಸಂತೋಷ್ ಬಾಬು ಅಂದರೆ ಹೈದರಾಬಾದಿನಲ್ಲಿ ಆಟೋ ಓಡಿಸುವವನಿಗೂ ಗೊತ್ತು. ಸೂರ್ಯಾಪೇಟದವರು. 2020ರ ಜೂನ್ 17ರ ಸಂಜೆ, ಕೊರೊನಾ ಕಾಲದಲ್ಲಿ, ಲಡಾಖಿನ ಗಲ್ವಾನ್ ಕಣಿವೆಯಲ್ಲಿ ಚೀನೀ ಸೈನಿಕರೊಡನೆ ಕಾದಾಡಿ ಮಡಿದ ಅವರ ಪಾರ್ಥಿವ ಶರೀರ ಇಲ್ಲಿನ ಹಕೀಂಪೇಟ್ ವಾಯುನೆಲೆಗೆ ಬಂತು. ಮುಂದೆ ಮಹಾವೀರ ಚಕ್ರ ಬಂತು, ಊರಲ್ಲಿ ಪ್ರತಿಮೆ ಎದ್ದಿತು. ಎಲ್ಲ ಸರಿಯೇ. ಆದರೆ ಅವರ 16 ಬಿಹಾರ್ ಪಲ್ಟನ್ನಿನ ಜೊತೆಗಿದ್ದು ಅದೇ ಕಾಳಗದಲ್ಲಿ ಪ್ರಾಣ ಬಿಟ್ಟ ನಾಯಕ್ ದೀಪಕ್ ಸಿಂಗ್ ಯಾರು ಎಂದು ಕೇಳಿ ನೋಡಿ. ಯಾಪ್ರಾಲ್, ಸೈನಿಕ್‌ಪುರಿಯಲ್ಲಿ ನೆಲೆಸಿರುವ ನಮ್ಮಂಥ ಮಾಜಿ ಸೈನಿಕರಲ್ಲೇ ಕೆಲವರು ತಲೆ ಕೆರೆದುಕೊಳ್ಳುತ್ತಾರೆ.

ದೀಪಕ್ ನಮ್ಮ ದಳದವನು, ಅದಕ್ಕೇ ನನಗಿಷ್ಟು ಸಂಕಟ. ನಾನು ಭಾಲ್ಕಿ ಕಡೆಯವನು. ಸೇನಾ ವೈದ್ಯಕೀಯ ದಳದಲ್ಲಿ ನರ್ಸಿಂಗ್ ಅಸಿಸ್ಟೆಂಟ್ ಆಗಿದ್ದು ನಿವೃತ್ತನಾದವನು. ದೀಪಕ್‌ನದೂ ಅದೇ ಕೆಲಸ. ಮಧ್ಯಪ್ರದೇಶದ ರೀವಾ ಜಿಲ್ಲೆಯ ಹುಡುಗ, 2012ರಲ್ಲಿ ಸೇರಿದ್ದ. ಸಾಯುವಾಗ ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ.

ಪಲ್ಟನ್ನಿಗೆ ಒಬ್ಬ ಡಾಕ್ಟರ್ ಇರುತ್ತಾರೆ, ಕೈಕೆಳಗೆ ಬೆರಳೆಣಿಕೆಯ ನರ್ಸಿಂಗ್ ಅಸಿಸ್ಟೆಂಟ್‌ಗಳು. ಡಾಕ್ಟರ್ ಇರುವಲ್ಲಿಯ ತನಕ ಗಾಯಾಳು ಬದುಕಿ ಬರಬೇಕಲ್ಲ, ಆ ನಡುವಿನ ಹೊತ್ತು ನಮ್ಮದು. ಜವಾನರು ನಮ್ಮನ್ನೂ ‘ಡಾಕ್ಟರ್ ಸಾಬ್’ ಅಂತಲೇ ಕರೆಯುತ್ತಾರೆ. ನಾವೂ ತಿದ್ದಲು ಹೋಗುವುದಿಲ್ಲ. ಚೀಲದಲ್ಲಿರುವುದು ಡ್ರೆಸಿಂಗ್, ಟೂರ್ನಿಕೆ, ಸ್ಪ್ಲಿಂಟ್, ಸಲೈನ್, ಕತ್ತರಿ, ನೋವಿನ ಇಂಜೆಕ್ಷನ್. ಪ್ರತಿ ಸೈನಿಕನ ಜೇಬಿನಲ್ಲೂ ಒಂದು ಫೀಲ್ಡ್ ಡ್ರೆಸಿಂಗ್ ಇರುತ್ತದೆ. ಬಿದ್ದವನಿಗೆ ಅವನ ಜೇಬಿನದನ್ನೇ ಕಟ್ಟು, ನಿನ್ನ ಚೀಲಕ್ಕೆ ಆಮೇಲೆ ಕೈಹಾಕು ಎಂದು ನಮಗೆ ಕಲಿಸಿದ್ದರು. ಮುಂದೆ ಇನ್ನೆಷ್ಟು ಜನ ಬೀಳುತ್ತಾರೋ ಯಾರಿಗೆ ಗೊತ್ತು.

ಗಲ್ವಾನ್‌ನಲ್ಲಿ ಜೂನ್ 15ರ ರಾತ್ರಿ ಗುಂಡು ಹಾರಲಿಲ್ಲ. ವಾಸ್ತವ ನಿಯಂತ್ರಣ ರೇಖೆಯಿಂದ ಎರಡು ಕಿಲೋಮೀಟರ್ ಒಳಗೆ ಗುಂಡು ಹಾರಿಸಬಾರದೆಂದು 1996ರಲ್ಲೇ ಚೀನಾ ಜೊತೆ ಒಪ್ಪಂದವಾಗಿತ್ತು. ಹಾಗಾಗಿ ಕಲ್ಲು, ಕಬ್ಬಿಣದ ಸಲಾಕೆ, ಮೊಳೆ ಬಡಿದ ದೊಣ್ಣೆ. ಗುಂಡಿಲ್ಲ ಅಂದರೆ ವಾಸಿ ಅಲ್ಲವೇ ಎನ್ನುತ್ತಾರೆ ಜನ. ನಮ್ಮ ಕೆಲಸದವನಿಗೆ ಅದು ಇನ್ನೂ ಕಷ್ಟ. ಗುಂಡಿನ ಕಾಳಗದಲ್ಲಿ ಬಂಡೆಯ ಮರೆಯಾದರೂ ಸಿಗುತ್ತದೆ, ಜೊತೆಯವರು ಗುಂಡು ಹಾರಿಸಿ ಶತ್ರುವಿಗೆ ತಲೆ ಎತ್ತಗೊಡುವುದಿಲ್ಲ. ಕೈಕೈ ಮಿಲಾಯಿಸಿದಲ್ಲಿ ಮುಂದೆ ಹಿಂದೆ ಎಂಬುದೇ ಇಲ್ಲ. ಗಾಯಾಳುವಿನ ಮೇಲೆ ಬಾಗಿದವನ ಎರಡೂ ಕೈ ರಕ್ತದಲ್ಲಿ, ಬೆನ್ನು ಬಯಲಿಗೆ.

ಗಾಯದ ಬಗೆಯೂ ಬೇರೆ. ಕೈಕಾಲಿಗೆ ಗುಂಡು ಬಿದ್ದರೆ ಟೂರ್ನಿಕೆ ಬಿಗಿದು ರಕ್ತ ನಿಲ್ಲಿಸಬಹುದು. ತಲೆಗೆ ಕಲ್ಲು ಬಿದ್ದವನಿಗೆ ಎಲ್ಲಿ ಬಿಗಿಯುತ್ತೀರಿ? ಅಂಗೈ ಊರಿ ಒತ್ತಬೇಕು, ಒತ್ತಿಕೊಂಡೇ ಇರಬೇಕು. ಮೇಲಾಗಿ ಆ ಜಾಗ ಸುಮಾರು 14,000 ಅಡಿ ಎತ್ತರ, ಪಕ್ಕದಲ್ಲೇ ಹಿಮ ಕರಗಿ ಹರಿಯುವ ನದಿ. ಮೈ ತಣ್ಣಗಾದಷ್ಟೂ ರಕ್ತ ಹೆಪ್ಪುಗಟ್ಟುವುದು ನಿಧಾನ. ಬಯಲುಸೀಮೆಯಲ್ಲಿ ತಾನಾಗಿ ನಿಲ್ಲುವ ಗಾಯ ಅಲ್ಲಿ ಸೋರುತ್ತಲೇ ಇರುತ್ತದೆ. ಸಲೈನ್ ಬಾಟಲಿಯನ್ನೂ ಕೋಟಿನೊಳಗೆ ಮೈಗೆ ಒತ್ತಿ ಇಟ್ಟುಕೊಳ್ಳದಿದ್ದರೆ ಗಟ್ಟಿಯಾಗುತ್ತದೆ. ಮೊದಲು ಮೂವರು ಸತ್ತರೆಂದು ಹೇಳಿದ್ದ ಸೇನೆ, ಜೂನ್ 16ರ ರಾತ್ರಿ ಇನ್ನೂ 17 ಮಂದಿಯ ಸಾವನ್ನು ತಿಳಿಸಿತು. ತೀವ್ರ ಗಾಯದ ಜೊತೆ ಶೂನ್ಯಕ್ಕಿಂತ ಕೆಳಗಿನ ಚಳಿಗೂ ಸಿಕ್ಕಿದ್ದರು ಎಂದಿತ್ತು ಆ ಹೇಳಿಕೆ. ಸಿವಿಲ್ ಜನ ಆ ಸಾಲನ್ನು ಓದಿ ಮುಂದೆ ಹೋದರು. ನಾನು ಅಲ್ಲೇ ನಿಂತೆ.

ದೀಪಕ್‌ಗೆ ಬಂದ ವೀರಚಕ್ರದ ಪ್ರಶಸ್ತಿಪತ್ರದಲ್ಲಿ 30ಕ್ಕೂ ಹೆಚ್ಚು ಸೈನಿಕರಿಗೆ ಚಿಕಿತ್ಸೆ ಕೊಟ್ಟನೆಂದಿದೆ. ಕಲ್ಲೇಟು ಬಿದ್ದು ತಾನೇ ತೀವ್ರವಾಗಿ ಗಾಯಗೊಂಡ ಮೇಲೂ ನಿಲ್ಲಿಸಲಿಲ್ಲವಂತೆ. ಕತ್ತಲಲ್ಲಿ ಮೂವತ್ತು ಜನ ಎಂದರೆ ಏನೆಂದು ಹೇಳುತ್ತೇನೆ ಕೇಳಿ. ಯಾರು ಮೊದಲು ಎಂದು ನೀವೇ ಗೊತ್ತುಮಾಡಬೇಕು. ಕೂಗುವವನು ಮೊದಲಲ್ಲ, ಕೂಗಲು ಅವನಿಗೆ ಉಸಿರಿದೆ. ಸುಮ್ಮನೆ ಮಲಗಿದವನ ಬಾಯಿಗೆ ಕಿವಿಯಿಟ್ಟು, ನಾಲಿಗೆ ಹಿಂದಕ್ಕೆ ಬಿದ್ದಿದೆಯೇ ನೋಡಿ, ಗದ್ದ ಎತ್ತಿ ದಾರಿ ಬಿಡಿಸಬೇಕು. ಆ ಹೊತ್ತಿಗೆ ಕೂಗುತ್ತಿರುವವನು ಪರಿಚಯದವನಾಗಿರುತ್ತಾನೆ, ನಿಮ್ಮ ಹೆಸರು ಹಿಡಿದೇ ಕೂಗುತ್ತಿರುತ್ತಾನೆ. ಅವನ ಕಡೆ ತಿರುಗದೆ ಇರುವುದು ಇದೆಯಲ್ಲ, ನನ್ನ ಲೆಕ್ಕದಲ್ಲಿ ಧೈರ್ಯದ ದೊಡ್ಡ ಪಾಲು ಅದೇ. ಏಟು ತಿನ್ನುವುದು ಅದರ ಮುಂದೆ ಸಣ್ಣದು.

ಕಾಳಗದ ನಡುವೆಯೇ ನಿಂತು ಚಿಕಿತ್ಸೆ ಕೊಡುವುದು ನಮ್ಮ ದಳಕ್ಕೆ ಹೊಸತಲ್ಲ. ಕೊರಿಯಾ ಯುದ್ಧಕ್ಕೆ ಭಾರತ ಕಳಿಸಿದ್ದು 60 ಪ್ಯಾರಾ ಫೀಲ್ಡ್ ಆಂಬುಲೆನ್ಸ್ ಎಂಬ ವೈದ್ಯಕೀಯ ಘಟಕವನ್ನು. ಅದರ ಮುಖ್ಯಸ್ಥ ಲೆಫ್ಟಿನೆಂಟ್ ಕರ್ನಲ್ ಎ.ಜಿ. ರಂಗರಾಜ್. 1951ರ ಮಾರ್ಚ್‌ನಲ್ಲಿ ಅಮೆರಿಕನ್ ಪಡೆಯ ಜೊತೆ ಅದರ ಒಂದು ತಂಡ ಪ್ಯಾರಾಚೂಟಿನಲ್ಲಿ ಯುದ್ಧಭೂಮಿಗೇ ಇಳಿದಿತ್ತು. ರಂಗರಾಜ್ ಅವರಿಗೂ ಮಹಾವೀರ ಚಕ್ರ ಸಂದಿತು. 

ದೀಪಕ್‌ನ ವೀರಚಕ್ರವನ್ನು 2021ರ ನವೆಂಬರಿನಲ್ಲಿ ರಾಷ್ಟ್ರಪತಿಗಳಿಂದ ಪಡೆದವರು ಅವನ ಹೆಂಡತಿ ರೇಖಾ ಸಿಂಗ್. ಶಾಲೆಯಲ್ಲಿ ಪಾಠ ಹೇಳುತ್ತಿದ್ದವರು ಆಮೇಲೆ ಚೆನ್ನೈನ ಅಧಿಕಾರಿಗಳ ತರಬೇತಿ ಅಕಾಡೆಮಿ ಸೇರಿ, 2023ರ ಏಪ್ರಿಲ್‌ನಲ್ಲಿ ಲೆಫ್ಟಿನೆಂಟ್ ಆಗಿ ಹೊರಬಂದರು. ಮೊದಲ ಪೋಸ್ಟಿಂಗ್ ಪೂರ್ವ ಲಡಾಖಿಗೇ. ಗಂಡ ಇದ್ದಿದ್ದರೆ ಹೆಂಡತಿಗೆ ಸೆಲ್ಯೂಟ್ ಹೊಡೆಯಬೇಕಿತ್ತಲ್ಲ ಎಂದು ನಮ್ಮ ಕಾಲೋನಿಯ ಹಳೇ ಸುಬೇದಾರರೊಬ್ಬರು ತಮಾಷೆ ಮಾಡಿದರು. ಹೊಡೆಯುತ್ತಿದ್ದ ಬಿಡಿ ಸಾಬ್, ನಾನಾದರೂ ಹೊಡೆಯುತ್ತೇನೆ ಅಂದೆ.