ಸೋಲುವವನೆಂದು ಎಣಿಸಲ್ಪಟ್ಟವನು ಗೆಲ್ಲಬಲ್ಲನೆ?

ಭಾರಿ ತೂಕದ ಮುಷ್ಟಿಮಲ್ಲರಲ್ಲಿ ಗೆಲ್ಲುವವನಾರೆಂದು ಮುಂದಾಗಿ ಹೇಳಹೊರಡುವವರಿಗೆ, 1990ನೆಯ ಇಸವಿ ಫೆಬ್ರವರಿ 11ರಂದು ಟೋಕಿಯೋ ನಗರದಲ್ಲಿ ನಡೆದುದನ್ನು ನಾವು ನೆನಪುಮಾಡಿಕೊಡುವೆವು. ಜಗಜಟ್ಟಿ ಮೈಕ್ ಟೈಸನ್ನನು ಅದುವರೆಗಿನ 37 ಕಾಳಗಗಳಲ್ಲಿ ಒಮ್ಮೆಯೂ ಸೋತವನಲ್ಲ. ಬಸ್ಟರ್ ಡಗ್ಲಾಸನು ಗೆದ್ದರೆ ಒಂದಕ್ಕೆ 42 ಕೊಡುವೆವೆಂದು ಲಾಸ್ ವೇಗಾಸಿನ ಪಣದವರು ಸಾರಿದ್ದರು. ಆದರೆ ಡಗ್ಲಾಸನು ಟೈಸನ್ನನಿಗಿಂತ ಎತ್ತರದವನು. ಅವನ ನೀಳವಾದ ಎಡಗೈ ಟೈಸನ್ನನನ್ನು ಹತ್ತಿರ ಸೇರಗೊಡಲಿಲ್ಲ. ಇನ್ನು, ತಾಯಿ ತೀರಿಕೊಂಡು ತಿಂಗಳೂ ತುಂಬಿರದ ಮಗನ ಮನಸ್ಸನ್ನು ಅಳೆಯುವ ಕೋಲು ಯಾವ ಪಣಗಾರನಲ್ಲಿದ್ದೀತು? ಎಂಟನೆಯ ಸುತ್ತಿನಲ್ಲಿ ಪೆಟ್ಟು ತಿಂದು ಬಿದ್ದವನು ಎದ್ದು ನಿಂತನು. ಹತ್ತನೆಯದರಲ್ಲಿ ಬಿದ್ದವನು ಟೈಸನ್ನನೇ.

ಆದರೂ ನಮ್ಮ ಗೃಹಸ್ಥ ವಾಚಕರು ಹಣದ ಚೀಲವನ್ನು ಬಿಚ್ಚಲು ಅವಸರಪಡಬೇಕಾಗಿಲ್ಲ. ಅದೇ ವರ್ಷದ ಅಕ್ಟೋಬರಿನಲ್ಲಿ ಹೋಲಿಫೀಲ್ಡನೆದುರು ಮೂರನೆಯ ಸುತ್ತಿನಲ್ಲಿಯೇ ಬಿದ್ದು, ಡಗ್ಲಾಸನು ಆ ಪದವಿಯನ್ನು ಕಳೆದುಕೊಂಡನು.