ಹಂಪಿಯ ಕಂಬ ಬೀಳಿಸಿದವರಿಗೆ ದಂಡ ಬಿತ್ತು. ಊರು ಎದ್ದುಹೋಗಿದ್ದಕ್ಕೆ ಯಾರು ಜವಾಬ್ದಾರಿ?

2019ರ ಫೆಬ್ರುವರಿಯಲ್ಲಿ ಹಂಪಿಯ ಒಂದು ವಿಡಿಯೊ ಫೋನಿಂದ ಫೋನಿಗೆ ಓಡಾಡಿದ್ದು ನಿಮಗೆ ನೆನಪಿರಬಹುದು. ಗಜಶಾಲೆಯ ಹಿಂದಿನ ವಿಷ್ಣು ದೇವಾಲಯದ ಬಳಿ ಕೆಲವು ಯುವಕರು ಕಲ್ಲಿನ ಕಂಬವೊಂದನ್ನು ತಳ್ಳಿ ಬೀಳಿಸಿದ್ದರು. ಬಂಧನವಾಯಿತು, ಕೋರ್ಟು ತಲಾ 70,000 ರೂಪಾಯಿ ದಂಡ ಹಾಕಿತು, ಬಿದ್ದ ಕಂಬವನ್ನು ಅವರ ಕೈಯಿಂದಲೇ ಎತ್ತಿ ನಿಲ್ಲಿಸುವಂತೆ ಮಾಡಿತು. ನ್ಯಾಯ ಅಂದ್ರೆ ಇದು ಅಂತ ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಅಂದಿನಿಂದ ‘ಜವಾಬ್ದಾರಿಯುತ ಪ್ರವಾಸ’ ಅನ್ನೋ ಮಾತು ಬಂದಾಗಲೆಲ್ಲ ಅದೇ ವಿಡಿಯೊ ಉದಾಹರಣೆ. ಕಂಬ ಮುಟ್ಟಬೇಡಿ, ಕಲ್ಲಿನ ಮೇಲೆ ಹೆಸರು ಕೆತ್ತಬೇಡಿ, ನೀರಿನ ಬಾಟಲಿ ಎಸೆಯಬೇಡಿ. ಇದೆಲ್ಲ ಸರಿಯೇ. ಆದರೆ ಇಷ್ಟಕ್ಕೇ ನಿಲ್ಲಿಸಿದರೆ ಇಡೀ ಉದ್ಯಮದ ಹೊಣೆ ಒಬ್ಬ ಪ್ರವಾಸಿಯ ನಡತೆಯ ಪ್ರಶ್ನೆಯಾಗಿಬಿಡುತ್ತೆ. ನೆಲ ಯಾರದ್ದು, ದುಡ್ಡು ಯಾರ ಜೇಬಿಗೆ ಹೋಗುತ್ತೆ, ನಿರ್ಧಾರ ಯಾರು ಮಾಡ್ತಾರೆ ಅನ್ನೋ ಪ್ರಶ್ನೆಗಳು ಮರೆಗೆ ಸರಿಯುತ್ತವೆ. ಈ ಮೂರನ್ನು ಕೇಳೋಕೆ ಕರ್ನಾಟಕದಲ್ಲಿ ಹಂಪಿಗಿಂತ ಒಳ್ಳೆಯ ಜಾಗ ಇಲ್ಲ ಅನ್ನೋದು ನನ್ನ ಅನಿಸಿಕೆ.

ಮೊದಲು ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳೋಣ. ಹಂಪಿ ಅಂದ್ರೆ ಬೇಲಿ ಹಾಕಿದ ಮ್ಯೂಸಿಯಂ ಅಲ್ಲ. 1986ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಈ ತಾಣದ ಉಸ್ತುವಾರಿಗೆ 2002ರಲ್ಲಿ ರಾಜ್ಯ ಸರ್ಕಾರ ಪ್ರತ್ಯೇಕ ಕಾನೂನು ಮಾಡಿ ಪ್ರಾಧಿಕಾರ ರಚಿಸಿತು. ಅದರ ವ್ಯಾಪ್ತಿ ಸುಮಾರು 236 ಚದರ ಕಿಲೋಮೀಟರ್, ಒಳಗೆ 29 ಹಳ್ಳಿಗಳು. ಹೊಳೆಯ ಈಚೆ ಇಂದಿನ ವಿಜಯನಗರ ಜಿಲ್ಲೆ, ಆಚೆ ಕೊಪ್ಪಳ. ಇಲ್ಲಿ ಜನ ಭತ್ತ ನಾಟಿ ಮಾಡ್ತಾರೆ, ಬಾಳೆ ಬೆಳೀತಾರೆ, ವಿರೂಪಾಕ್ಷನ ತೇರು ಎಳೀತಾರೆ. ವಿಜಯನಗರ ಕಾಲದ ತುರ್ತಾ ಕಾಲುವೆಯಲ್ಲಿ ಇವತ್ತಿಗೂ ನೀರು ಹರಿಯುತ್ತೆ, ತೋಟಗಳಿಗೆ ಬೀಳುತ್ತೆ. ನನ್ನ ಕೇಳಿದರೆ ಕಲ್ಲಿನ ರಥದಷ್ಟೇ ದೊಡ್ಡ ಪರಂಪರೆ ಆ ಕಾಲುವೆ. ಅದರ ಮುಂದೆ ಸೆಲ್ಫಿ ತೆಗೆಸಿಕೊಳ್ಳುವವರು ಕಡಿಮೆ, ಅಷ್ಟೇ.

ಹೀಗೆ ಜನ ಬದುಕುತ್ತಿರುವ ಜಾಗವನ್ನು ‘ಸ್ಮಾರಕ’ ಅಂತ ಮಾತ್ರ ನೋಡಿದರೆ ಏನಾಗುತ್ತೆ ಅನ್ನೋದಕ್ಕೆ ಹಂಪಿ ಬಜಾರ್ ಸಾಕ್ಷಿ. ವಿರೂಪಾಕ್ಷ ಗುಡಿಯ ಮುಂದಿನ ರಥಬೀದಿಯ ಎರಡೂ ಬದಿಯ ಸಾಲುಮಂಟಪಗಳಲ್ಲಿ ದಶಕಗಳಿಂದ ಸಂಸಾರಗಳಿದ್ದವು. ಮುಂದೆ ಅಂಗಡಿ, ಹಿಂದೆ ಮನೆ. ಚಹಾ, ಇಡ್ಲಿ, ಬಾಡಿಗೆ ಸೈಕಲ್, ಪೂಜೆ ಸಾಮಾನು, ಪುಸ್ತಕ. 2011ರ ಜುಲೈ 29ರಂದು ಜೆಸಿಬಿಗಳು ಬಂದವು. ಅಲ್ಲಿದ್ದವರಿಗೆ ಕಾನೂನಿನ ಭಾಷೆಯಲ್ಲಿ ಇದ್ದ ಹೆಸರು ಒಂದೇ: ಒತ್ತುವರಿದಾರರು. ಕೆಲವು ಕಿಲೋಮೀಟರ್ ದೂರದ ಕಡ್ಡಿರಾಂಪುರದ ಬಳಿ ನಿವೇಶನ ಕೊಡುವ ಮಾತಾಯಿತು. ಆದರೆ ಗುಡಿ ಮುಂದೆ ಹೂವು ಮಾರಿ ಬದುಕುವವರಿಗೆ ಆ ದೂರ ಅಂದ್ರೆ ಏನು? ಮನೆ ಒಂದು ಕಡೆ, ಗಿರಾಕಿ ಇನ್ನೊಂದು ಕಡೆ. ನಿವೇಶನ ಕೊಟ್ಟ ಮಾತ್ರಕ್ಕೆ ಪುನರ್ವಸತಿ ಆಗಲ್ಲ ಅನ್ನೋದನ್ನು ತುಂಗಭದ್ರಾ ಅಣೆಕಟ್ಟು ಕಟ್ಟಿದ ಸೀಮೆಯ ಜನರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಮಂಟಪದ ಕಲ್ಲಿಗೆ ಮೊಳೆ ಹೊಡೆದಿದ್ದರು, ಗೋಡೆ ಕಟ್ಟಿದ್ದರು, ಸಿಮೆಂಟು ಮೆತ್ತಿದ್ದರು. ಇದು ನಿಜ, ತೆರವು ಬೇಕು ಅಂದವರ ಕಾಳಜಿಯನ್ನು ನಾನು ತಳ್ಳಿಹಾಕಲ್ಲ. ಆದರೆ ಕಲ್ಲು ಉಳಿಸಿ ಜನರನ್ನೂ ಉಳಿಸುವ ದಾರಿ ಹುಡುಕುವುದೇ ಪ್ರಾಧಿಕಾರದ ಕೆಲಸ ಅಲ್ವಾ? ಹದಿನಾರನೇ ಶತಮಾನದಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್ ಬೆರಗಿನಿಂದ ಬರೆದದ್ದು ಈ ನಗರದ ಪೇಟೆಗಳ ಬಗ್ಗೆ, ಅಲ್ಲಿನ ವ್ಯಾಪಾರದ ಬಗ್ಗೆ. ಬಜಾರನ್ನು ರಕ್ಷಿಸಲು ವ್ಯಾಪಾರಿಗಳನ್ನೇ ಎಬ್ಬಿಸಿದೆವು. ಈಗ ಅಲ್ಲಿ ನಿಂತರೆ ಸ್ವಚ್ಛ, ಖಾಲಿ ಕಲ್ಲುಸಾಲು ಕಾಣುತ್ತೆ. ಫೋಟೊಗೆ ಚೆನ್ನಾಗಿದೆ.

ಎರಡನೇ ಪ್ರಸಂಗ ಇಷ್ಟು ಸರಳ ಅಲ್ಲ. ಹೊಳೆಯ ಆಚೆಗಿನ ವಿರೂಪಾಪುರ ಗಡ್ಡಿ, ಪ್ರವಾಸಿಗರ ಬಾಯಲ್ಲಿ ‘ಹಿಪ್ಪಿ ಐಲ್ಯಾಂಡ್’. ಗದ್ದೆಗಳ ಅಂಚಿನಲ್ಲಿ ಗುಡಿಸಲು ಮಾದರಿಯ ರೂಮುಗಳು, ನೆಲದ ಮೇಲೆ ಹಾಸಿಗೆ ಹಾಕಿದ ಕೆಫೆಗಳು, ಹೀಬ್ರೂ ಮೆನುಗಳು. ಇಲ್ಲಿದ್ದ ಹೋಟೆಲ್, ಗೆಸ್ಟ್‌ಹೌಸ್‌ಗಳ ಮೇಲಿನ ಕೇಸು ವರ್ಷಗಟ್ಟಲೆ ನಡೆಯಿತು. ಸುತ್ತಿ ಬಳಸಿ ಜಗಳ ಇದ್ದದ್ದು 1988ರ ಅಕ್ಟೋಬರ್‌ನ ಒಂದು ಸರ್ಕಾರಿ ಅಧಿಸೂಚನೆಯ ಅರ್ಥದ ಮೇಲೆ. ರಕ್ಷಣೆ ಇರೋದು ಗಡ್ಡಿಯಲ್ಲಿರುವ ಮಂಟಪಗಳಿಗೆ ಮಾತ್ರ ಅಂತ ಮಾಲೀಕರು, ಇಡೀ ಊರಿಗೇ ಇದೆ ಅಂತ ಸರ್ಕಾರ. 2015ರಲ್ಲಿ ಹೈಕೋರ್ಟ್, 2020ರ ಫೆಬ್ರುವರಿ 11ರಂದು ಸುಪ್ರೀಂ ಕೋರ್ಟ್ ಸರ್ಕಾರದ ವಾದವನ್ನೇ ಎತ್ತಿಹಿಡಿದವು. ಮಾರ್ಚ್ ಮೊದಲ ವಾರದಲ್ಲಿ ಕಟ್ಟಡಗಳು ನೆಲಸಮವಾದವು. ಇನ್ನೇನು ಕೆಲವೇ ದಿನಗಳಲ್ಲಿ ಲಾಕ್‌ಡೌನ್.

ಗಡ್ಡಿಯ ವ್ಯವಹಾರವೆಲ್ಲ ಬಡವರದ್ದು ಅಂತ ಹೇಳಿದರೆ ಸುಳ್ಳಾಗುತ್ತೆ. ಹೊರಗಿನವರು ರೈತರಿಂದ ಜಾಗ ಗುತ್ತಿಗೆಗೆ ಪಡೆದು ನಡೆಸುತ್ತಿದ್ದದ್ದೂ ಇತ್ತು. ನದಿ ನಡುಗಡ್ಡೆಯಲ್ಲಿ ಹಾಗೆ ಕಟ್ಟುತ್ತಾ ಹೋಗುವುದು ಅಪಾಯ ಅನ್ನೋದನ್ನು 2019ರ ಆಗಸ್ಟ್ ಪ್ರವಾಹವೇ ತೋರಿಸಿತು. ಜಲಾಶಯದಿಂದ ನೀರು ಬಿಟ್ಟಾಗ ನೂರಾರು ಜನ ಅಲ್ಲಿ ಸಿಕ್ಕಿಬಿದ್ದರು, ಹೆಲಿಕಾಪ್ಟರ್ ತರಿಸಬೇಕಾಯಿತು. ಹಾಗಾಗಿ ತೀರ್ಪಿನ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಇರೋದು ಅದಕ್ಕೂ ಮುಂಚಿನ ವರ್ಷಗಳ ಬಗ್ಗೆ, ಅದರ ನಂತರದ ಮೌನದ ಬಗ್ಗೆ. ಅಧಿಸೂಚನೆ 1988ರದ್ದು. ಕಟ್ಟಡಗಳು ಒಂದೇ ರಾತ್ರಿಯಲ್ಲಿ ಎದ್ದವಲ್ಲ, ಎಲ್ಲರ ಕಣ್ಣೆದುರೇ ಬೆಳೆದವು. ಆಗ ಸುಮ್ಮನಿದ್ದ ಯಾವ ಕಚೇರಿಯೂ ದಂಡ ಕಟ್ಟಲಿಲ್ಲ. ರೂಮು ಗುಡಿಸುತ್ತಿದ್ದ, ಅಡುಗೆ ಮಾಡುತ್ತಿದ್ದ, ದೋಣಿಯಲ್ಲಿ ಲಗೇಜ್ ದಾಟಿಸುತ್ತಿದ್ದ ಜನರಿಗೆ ಬೇರೆ ಕೆಲಸ ಏನು ಅನ್ನೋ ಯೋಜನೆಯೂ ಕಾಣಲಿಲ್ಲ.

ಪ್ರವಾಸಿಗರು ಬರೋದು ನಿಂತಿತಾ? ಇಲ್ಲ. ಅದೇ ದಂಧೆ ಆನೆಗೊಂದಿ, ಹನುಮನಹಳ್ಳಿ, ಸಾಣಾಪುರದ ಕಡೆ ಸರಿಯಿತು. ಈಗ ಅಲ್ಲಿ ‘ಹೋಂಸ್ಟೇ’ ಬೋರ್ಡುಗಳು. ಸರ್ಕಾರದ ನಿಯಮದ ಪ್ರಕಾರ ಹೋಂಸ್ಟೇ ಅಂದ್ರೆ ಮಾಲೀಕನ ಸಂಸಾರ ವಾಸ ಇರುವ ಮನೆ, ಬೆರಳೆಣಿಕೆಯ ರೂಮು. ಮನೆಯವರು ಇಲ್ಲದ ‘ಮನೆವಾಸ’ ಅಂದ್ರೆ ಅದು ಲಾಡ್ಜು. 2025ರ ಮಾರ್ಚ್‌ನಲ್ಲಿ ಸಾಣಾಪುರದ ಕಾಲುವೆ ಬಳಿ ವಿದೇಶಿ ಪ್ರವಾಸಿ ಮಹಿಳೆ ಮತ್ತು ಹೋಂಸ್ಟೇ ನಡೆಸುತ್ತಿದ್ದ ಸ್ಥಳೀಯ ಮಹಿಳೆಯ ಮೇಲೆ ಅತ್ಯಾಚಾರ ನಡೆಯಿತು, ಒಡಿಶಾದ ಪ್ರವಾಸಿಯೊಬ್ಬರ ಕೊಲೆಯಾಯಿತು. ಆಮೇಲೆ ಎಂದಿನಂತೆ ಅನಧಿಕೃತ ಹೋಂಸ್ಟೇಗಳ ಮೇಲೆ ಕ್ರಮದ ಮಾತು. ರಾತ್ರಿ ದೀಪ, ಪೊಲೀಸ್ ಗಸ್ತು, ಪರವಾನಗಿ ಪಡೆಯುವ ಸರಳ ದಾರಿ ಇವೆಲ್ಲ ಪ್ರವಾಸಿಗೂ ಬೇಕು, ಊರಿನ ಹೆಣ್ಣುಮಕ್ಕಳಿಗೂ ಬೇಕು. ಬಾಗಿಲು ಮುಚ್ಚಿಸೋದು ಸುಲಭ. ನಿಯಮದೊಳಗೆ ತರೋದಕ್ಕೆ ಕೆಲಸ ಮಾಡಬೇಕು.

ಸೇತುವೆಯ ಕತೆ ಕೇಳಿದರೆ ಇದರ ಬೇರು ಕಾಣುತ್ತೆ. ಆನೆಗೊಂದಿಯ ಜನರಿಗೆ ಹೊಳೆ ದಾಟಲು ಹರಿಗೋಲೇ ಗತಿ, ಮಳೆಗಾಲದಲ್ಲಿ ಅದೂ ಇಲ್ಲ. ಆಸ್ಪತ್ರೆಗೆ, ಕಾಲೇಜಿಗೆ ಸೇತುವೆ ಬೇಕಿತ್ತು. ಸರ್ಕಾರ ತಾಣದ ನಡುವೆಯೇ ಕಟ್ಟಲು ಹೊರಟಿತು, ಗಡ್ಡಿಗೂ ಒಂದು ಕಾಲುಸೇತುವೆ ಎಬ್ಬಿಸಿತು. ಯುನೆಸ್ಕೊ 1999ರಲ್ಲಿ ಹಂಪಿಯನ್ನು ‘ಅಪಾಯದಲ್ಲಿರುವ ಪರಂಪರೆ’ ಪಟ್ಟಿಗೆ ಹಾಕಿತು, 2006ರಲ್ಲಿ ತೆಗೆಯಿತು. ಆನೆಗೊಂದಿ ಸೇತುವೆ 2009ರ ಜನವರಿಯಲ್ಲಿ ಕಟ್ಟುತ್ತಿರುವಾಗಲೇ ಕುಸಿದು ಕಾರ್ಮಿಕರು ಸತ್ತರು. ಈಗಲೂ ಹೊಳೆಯಲ್ಲಿ ಅದರ ಅವಶೇಷ ನಿಂತಿದೆ, ಹಂಪಿಯ ಅತ್ಯಂತ ಹೊಸ ಹಾಳು. ಎಲ್ಲಿ ಕಟ್ಟಿದರೆ ಸ್ಮಾರಕಕ್ಕೂ ತೊಂದರೆ ಇಲ್ಲ, ನಿಮಗೂ ಅನುಕೂಲ ಅಂತ ಊರಿನವರನ್ನು ಮೊದಲೇ ಕೂರಿಸಿ ಮಾತಾಡಿದ್ದರೆ? ಬುಕ್ಕಸಾಗರ–ಕಡೆಬಾಗಿಲು ಬಳಿ ಬೇರೆ ಸೇತುವೆ ಕೊನೆಗೂ ಬಂತು ಅನ್ನೋದೇ ಪರ್ಯಾಯ ಇತ್ತು ಅನ್ನೋದಕ್ಕೆ ಪುರಾವೆ.

ಜಗತ್ತಿನಲ್ಲಿ ಈ ಚರ್ಚೆ ಎಲ್ಲಿಗೆ ಬಂದಿದೆ ಅಂತ ಚುಟುಕಾಗಿ ಹೇಳ್ತೀನಿ. 2002ರ ಕೇಪ್‌ಟೌನ್ ಘೋಷಣೆ ಜವಾಬ್ದಾರಿಯುತ ಪ್ರವಾಸೋದ್ಯಮಕ್ಕೆ ಕೊಟ್ಟ ಅರ್ಥದಲ್ಲಿ ಅಲ್ಲಿ ಬದುಕುವವರಿಗೆ ಒಳ್ಳೆಯ ಜಾಗ ಅನ್ನೋದು ಮೊದಲು, ನೋಡಲು ಬರುವವರಿಗೆ ಒಳ್ಳೆಯ ಜಾಗ ಅನ್ನೋದು ಆಮೇಲೆ. ಈ ಕ್ರಮ ಮುಖ್ಯ. ವಿಶ್ವ ಪರಂಪರೆ ಸಮಿತಿಯೂ 2007ರಲ್ಲಿ ತನ್ನ ಗುರಿಗಳ ಪಟ್ಟಿಗೆ ‘ಸಮುದಾಯ’ವನ್ನು ಸೇರಿಸಿಕೊಂಡಿತು. ಹಂಪಿ ಬಜಾರ್ ಒಡೆದದ್ದು ಅದಾದ ನಾಲ್ಕು ವರ್ಷಕ್ಕೆ.

ಪಕ್ಕದ ಕೇರಳ ಇದನ್ನು ಕಾಗದದಿಂದ ನೆಲಕ್ಕೆ ಇಳಿಸಲು ನೋಡಿತು. 2008ರಲ್ಲಿ ಕುಮರಕಂನಲ್ಲಿ ಪಂಚಾಯಿತಿ, ಕುಟುಂಬಶ್ರೀ ಮಹಿಳಾ ಗುಂಪುಗಳು, ದೊಡ್ಡ ಹೋಟೆಲ್‌ಗಳು ಒಟ್ಟಿಗೆ ಕೂತು, ಹೋಟೆಲ್ ಅಡುಗೆಮನೆಗೆ ಊರಿನ ತರಕಾರಿಯನ್ನೇ ಕೊಳ್ಳುವ ವ್ಯವಸ್ಥೆ ಮಾಡಿಕೊಂಡವು. ದರ ನಿಗದಿಗೂ ಸಮಿತಿ ಇತ್ತು. ಸರಳ ಅನ್ನಿಸಬಹುದು, ಆದರೆ ಪ್ರವಾಸೋದ್ಯಮದ ದೊಡ್ಡ ರೋಗಕ್ಕೆ ಇದೇ ಮದ್ದು. ಪ್ರವಾಸಿ ಕೊಡುವ ದುಡ್ಡಿನಲ್ಲಿ ಬುಕಿಂಗ್ ಆ್ಯಪ್‌ನ ಕಮಿಷನ್, ಹೊರಗಿನ ಮಾಲೀಕನ ಲಾಭ, ಬೇರೆ ಊರಿಂದ ತರಿಸುವ ಸಾಮಾನು ಎಲ್ಲ ಕಳೆದರೆ ಊರಿಗೆ ಉಳಿಯೋದು ಚೂರು. ಅರ್ಥಶಾಸ್ತ್ರದಲ್ಲಿ ಇದಕ್ಕೆ ಸೋರಿಕೆ ಅಂತಾರೆ. 2017ರಲ್ಲಿ ಕೇರಳ ಇದಕ್ಕಾಗಿಯೇ ಒಂದು ಮಿಷನ್ ಮಾಡಿತು. ಅಲ್ಲಿ ಎಲ್ಲ ಚೆನ್ನಾಗಿದೆ ಅಂತಲ್ಲ, ಹೌಸ್‌ಬೋಟ್‌ಗಳಿಂದ ವೆಂಬನಾಡ್ ಸರೋವರದ ನೀರು ಏನಾಗಿದೆ ಅಂತ ಹೋಗಿ ನೋಡಿದವರಿಗೆ ಗೊತ್ತು. ಆದರೂ ಊರಿನವರನ್ನು ಮಾತುಕತೆಗೆ ಕರೆದರು.

ನಮ್ಮಲ್ಲೂ ಬೀಜ ಇಲ್ಲದೇ ಇಲ್ಲ. ಆನೆಗೊಂದಿಯಲ್ಲಿ ಶಮಾ ಪವಾರ್ ಅವರು ಕಟ್ಟಿದ ಕಿಷ್ಕಿಂಧಾ ಟ್ರಸ್ಟ್ ಬಾಳೆನಾರಿನ ಕರಕುಶಲ ಕೆಲಸವನ್ನು ಸ್ಥಳೀಯ ಹೆಣ್ಣುಮಕ್ಕಳ ದುಡಿಮೆಯಾಗಿಸಿತು. ಗೊನೆ ಕಡಿದ ಮೇಲೆ ಬಿಸಾಡುವ ದಿಂಡಿನಿಂದ ಚೀಲ, ಬುಟ್ಟಿ. ವಿಜಯ ವಿಠ್ಠಲ ಗುಡಿಗೆ ಪ್ರವಾಸಿಗರನ್ನು ಕರೆದೊಯ್ಯುವ ಬ್ಯಾಟರಿ ಗಾಡಿಗಳನ್ನು ಸುತ್ತಲಿನ ಹಳ್ಳಿಯ ಮಹಿಳೆಯರು ಓಡಿಸಿದ್ದಾರೆ. ಹೊಗೆಯೂ ಇಲ್ಲ, ಸಂಬಳವೂ ಊರಿಗೆ. ಇಂಥವು ಅಲ್ಲಲ್ಲಿ ಚುಕ್ಕಿಗಳಾಗಿ ಉಳಿದಿವೆ, ಇವನ್ನು ಜೋಡಿಸುವ ನೀತಿ ಇಲ್ಲ.

ನೀತಿ ಎತ್ತ ಹೊರಟಿದೆ ಅಂತ ತಿಳಿಯಬೇಕಾದರೆ ಅಂಜನಾದ್ರಿ ನೋಡಬೇಕು. ಹನುಮ ಹುಟ್ಟಿದ ಬೆಟ್ಟ ಎಂಬ ನಂಬಿಕೆಯ ಈ ಗುಡ್ಡಕ್ಕೆ 575 ಮೆಟ್ಟಿಲು. 2022ರ ರಾಜ್ಯ ಬಜೆಟ್‌ನಲ್ಲಿ ಇದರ ಅಭಿವೃದ್ಧಿಗೆ 100 ಕೋಟಿ ಘೋಷಣೆಯಾಯಿತು. ರೋಪ್‌ವೇ, ಪಾರ್ಕಿಂಗ್, ಯಾತ್ರಿನಿವಾಸದ ಮಾತು ಸರ್ಕಾರ ಬದಲಾದರೂ ನಿಂತಿಲ್ಲ. ಒಂದು ತಗಡಿನ ಶೆಡ್ಡು ಪರಂಪರೆಗೆ ಧಕ್ಕೆ ಆಗುತ್ತೆ, ಬೆಟ್ಟದ ಮೇಲೆ ರೋಪ್‌ವೇ ಆಗಲ್ಲ ಅನ್ನೋ ಲೆಕ್ಕ ನನಗೆ ಅರ್ಥವಾಗಿಲ್ಲ. ಭಕ್ತರಿಗೆ ಶೌಚಾಲಯ, ನೆರಳು, ಕುಡಿಯುವ ನೀರು ಬೇಡ ಅಂತ ಯಾರೂ ಹೇಳಲ್ಲ. ಪಾರ್ಕಿಂಗ್‌ಗೆ ಯಾರ ಗದ್ದೆ ಹೋಗುತ್ತೆ, ಅದರ ಶುಲ್ಕದಲ್ಲಿ ಪಂಚಾಯಿತಿಗೆ ಪಾಲೆಷ್ಟು, ಕಸ ಎತ್ತುವವರಿಗೆ ಸಂಬಳ ಕೊಡೋದು ಯಾರು, ಹಣ್ಣುಕಾಯಿ ಮಾರುವವರಿಗೆ ಹೊಸ ಕಾಂಪ್ಲೆಕ್ಸ್‌ನಲ್ಲಿ ಮಳಿಗೆ ಸಿಗುತ್ತಾ ಅಥವಾ ಹರಾಜಿನಲ್ಲಿ ಗಂಗಾವತಿಯ ದುಡ್ಡಿದ್ದವರ ಪಾಲಾಗುತ್ತಾ?

ಇದಕ್ಕೆಲ್ಲ ಉತ್ತರ ಹುಡುಕೋಕೆ ಹೊಸ ಕಾನೂನು ಬೇಕಿಲ್ಲ, ಗ್ರಾಮಸಭೆ ಅನ್ನೋದು ಪಂಚಾಯತ್ ರಾಜ್ ಕಾಯ್ದೆಯಲ್ಲೇ ಇದೆ. ಬೆಟ್ಟದ ಬುಡದ ಚಿಕ್ಕರಾಂಪುರದಲ್ಲಿ, ಪಕ್ಕದ ಆನೆಗೊಂದಿಯಲ್ಲಿ ಸಭೆ ಕರೆದು, ನಕ್ಷೆ ಗೋಡೆಗೆ ಅಂಟಿಸಿ, ಯಾವ ಸರ್ವೆ ನಂಬರಿನಲ್ಲಿ ಏನು ಬರುತ್ತೆ ಅಂತ ಕನ್ನಡದಲ್ಲಿ ಓದಿ ಹೇಳಲಿ. ಅದಾದ ಮೇಲೆ ಟೆಂಡರ್ ಕರೆಯಲಿ.