ಜಾರ್ಜಿಯಾ: ಪುಟ್ಟ ದೇಶ, ಹಲವು ಸೀಮೆ

ಇವತ್ತು ಜಾರ್ಜಿಯಾಕ್ಕೆ ಹೋಗಿಬರೋಣ. ಅಮೆರಿಕದ ರಾಜ್ಯ ಅಲ್ಲ, ಕಪ್ಪು ಸಮುದ್ರದ ಪೂರ್ವ ದಂಡೆಯಲ್ಲಿರೋ ದೇಶ. ವಿಸ್ತೀರ್ಣ ಸುಮಾರು 69,700 ಚದರ ಕಿಲೋಮೀಟರ್. ಅಂದ್ರೆ ಕರ್ನಾಟಕದ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಆದರೆ ಒಂದೊಂದು ಸೀಮೆಗೂ ಬೇರೆ ಹವೆ, ಬೇರೆ ಊಟ, ಕೆಲವು ಕಡೆ ಬೇರೆ ಭಾಷೆ.

ಇದಕ್ಕೆ ಕಾರಣ ಬೆಟ್ಟಗಳು. ಉತ್ತರದ ಕಾಕಸಸ್ ಪರ್ವತಗಳು ರಷ್ಯಾ ಕಡೆಯ ಚಳಿಗಾಳಿಯನ್ನ ತಡೀತವೆ. ದೇಶದ ನಡುವೆ ಲಿಖಿ ಅನ್ನೋ ಬೆಟ್ಟಸಾಲು ಅಡ್ಡ ನಿಂತಿದೆ. ನಮ್ಮ ಪಶ್ಚಿಮ ಘಟ್ಟ ಮಾಡೋ ಕೆಲಸವನ್ನೇ ಅದು ಅಲ್ಲಿ ಮಾಡುತ್ತೆ. ಕಡಲ ತೀರದ ಬಟೂಮಿಯಲ್ಲಿ ವರ್ಷಕ್ಕೆ ಸುಮಾರು 2,500 ಮಿಲಿಮೀಟರ್ ಮಳೆ. ಪೂರ್ವದ ರಾಜಧಾನಿ ಟಿಬಿಲಿಸಿಯಲ್ಲಿ ಸುಮಾರು 500.

ಹಾಗಾಗಿ ಪಶ್ಚಿಮದಲ್ಲಿ ಚಹಾ, ಕಿತ್ತಳೆ ಬೆಳೀತಾರೆ. ಪೂರ್ವದ ಕಖೇಟಿ ದ್ರಾಕ್ಷಿ ಸೀಮೆ. ಅಲ್ಲಿ ‘ಕ್ವೆವ್ರಿ’ ಅನ್ನೋ ದೊಡ್ಡ ಮಣ್ಣಿನ ಹಂಡೆಗಳನ್ನ ನೆಲದಲ್ಲಿ ಹೂತು ವೈನ್ ಮಾಡ್ತಾರೆ. ಈ ವಿಧಾನ 2013ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಉತ್ತರದ ಸ್ವಾನೇತಿಗೆ ಹೋದ್ರೆ ಮನೆ ಪಕ್ಕದಲ್ಲೇ ಮಧ್ಯಯುಗದ ಕಲ್ಲಿನ ಗೋಪುರಗಳು. ಶತ್ರು ಬಂದಾಗ, ಕುಲಗಳ ನಡುವೆ ಹಗೆ ಹೊತ್ತಿಕೊಂಡಾಗ ಮನೆಮಂದಿ ಅದರೊಳಗೆ ಸೇರ್ಕೊಳ್ತಿದ್ದರು. ಅಲ್ಲಿನ ಸ್ವಾನ್ ಭಾಷೆ ಟಿಬಿಲಿಸಿಯವರಿಗೆ ಅರ್ಥ ಆಗಲ್ಲ.

ಇನ್ನು, ಪ್ರವಾಸಿಗರು ತಿಳಿದಿರಲೇಬೇಕಾದ ಒಂದು ವಿಷಯ. ಭೂಪಟದಲ್ಲಿ ಜಾರ್ಜಿಯಾದ್ದು ಅಂತ ಕಾಣೋ ನೆಲದಲ್ಲಿ ಸುಮಾರು ಐದನೇ ಒಂದು ಭಾಗಕ್ಕೆ, ಅಂದ್ರೆ ಅಬ್ಖಾಜಿಯಾ ಮತ್ತು ದಕ್ಷಿಣ ಒಸ್ಸೆಟಿಯಾಕ್ಕೆ, ಟಿಬಿಲಿಸಿ ಸರ್ಕಾರದ ಆಡಳಿತ ತಲುಪಲ್ಲ. 2008ರ ಆಗಸ್ಟ್ ಯುದ್ಧದ ನಂತರ ಇವೆರಡನ್ನೂ ರಷ್ಯಾ ಪ್ರತ್ಯೇಕ ದೇಶಗಳು ಅಂತ ಮಾನ್ಯ ಮಾಡಿತು; ಭಾರತವೂ ಸೇರಿ ಜಗತ್ತಿನ ಬಹುತೇಕ ದೇಶಗಳು ಮಾಡಿಲ್ಲ. ರಷ್ಯಾ ಕಡೆಯಿಂದ ಅಲ್ಲಿಗೆ ಹೋಗೋದು ಜಾರ್ಜಿಯಾ ಕಾನೂನಿನ ಪ್ರಕಾರ ಅಪರಾಧ.

ಟಿಬಿಲಿಸಿಯಿಂದ ಗೋರಿಗೆ ಹೋಗೋ ಹೆದ್ದಾರಿ ಪಕ್ಕ ತ್ಸೆರೊವಾನಿ ಅನ್ನೋ ಊರು ಸಿಗುತ್ತೆ. ಸಾಲು ಸಾಲಾಗಿ ಒಂದೇ ಥರದ ಪುಟ್ಟ ಮನೆಗಳು. ಆ ಯುದ್ಧದಲ್ಲಿ ಊರು ಬಿಟ್ಟವರಿಗಾಗಿ ಕಟ್ಟಿದ್ದು. ಅವರು ಬಿಟ್ಟುಬಂದ ತೋಟ, ಮನೆ ಇರೋದು ಬಹಳ ದೂರದಲ್ಲೇನಲ್ಲ. ನಾವು ಪಾಸ್‌ಪೋರ್ಟ್ ಹಿಡಿದು ಈ ದೇಶದ ಸೀಮೆಗಳನ್ನ ಸುತ್ತಿ ಬರಬಹುದು. ಅವರಿಗೆ ಮಾತ್ರ ತಮ್ಮದೇ ಊರಿಗೆ ಮುಕ್ತವಾಗಿ ಹೋಗೋಕೆ ಆಗಲ್ಲ. ಆ ದಾರಿಯಲ್ಲಿ ಹೋಗುವಾಗ ಕಾರು ಸ್ವಲ್ಪ ನಿಧಾನ ಮಾಡಿ, ಆ ಮನೆಗಳ ಕಡೆ ಒಮ್ಮೆ ನೋಡಿ.

ಮುಂದಿನ ಸಂಚಿಕೆಯಲ್ಲಿ ಮತ್ತೆ ಸಿಗೋಣ.